ಕೂಗಳತೆ

ಸಲಿಕೆ ಹೆಗಲಿಗೇರಿಸಿ ಹೊರಟಾಗ ಎಂಟೂಕಾಲು.
ಎರವಲು ತಂದದ್ದು. ಹಿಂದಿರುಗಿಸಲು
ಹನ್ನೊಂದು ವರ್ಷ ತಡ.

ಈ ಫೆನ್ ಸೀಮೆಯಲ್ಲಿ ದಾರಿ ಕೇಳಿದರೆ ನಗುತ್ತಾರೆ,
ಇಲ್ಲಿಂದಲೇ ಕಾಣುತ್ತದಲ್ಲ, ಹೋಗು.
ಕಾಣುವುದೇನೋ ಎಲ್ಲ ಕಾಣುತ್ತದೆ:
ಇಗರ್ಜಿಯ ಗೋಪುರ, ಸಕ್ಕರೆ ಬೀಟಿನ ರಾಶಿ,
ಪಂಪುಮನೆಯ ಚಿಮಣಿ, ಅದರಾಚೆ
ಮಧ್ಯಾಹ್ನ ನನ್ನ ಮೇಲೆ ಸುರಿಯಲಿರುವ ಮಳೆ
ಈಗಿನ್ನೂ ಬೇರೆಯವರ ಹೊಲದಲ್ಲಿ.
ತಲುಪುವುದು ಬೇರೆ ಮಾತು.

ಮಣ್ಣು ಒಲೆಯ ಮಸಿಯಷ್ಟು ಕಪ್ಪು.
ಹೋಲಿಕೆಗೆ ಹೇಳಿದ್ದಲ್ಲ, ಹಚ್ಚಿದರೆ ಹತ್ತಿಕೊಳ್ಳುತ್ತದೆ.
ಅಜ್ಜಿ ಇದನ್ನೇ ಇಟ್ಟಿಗೆಯಂತೆ ಕೊಯ್ದು, ಒಟ್ಟಿ, ಒಣಗಿಸಿ
ಚಳಿಗಾಲವೆಲ್ಲ ಚಹಾ ಕಾಸಿದಳು.
ಒಂದರ್ಥದಲ್ಲಿ ನಾವು ಹೊಲವನ್ನೇ ಕುಡಿದವರು.

ನದಿ ಮಾತ್ರ ತಲೆಯ ಮೇಲೆ.
ನೀರು ಬಸಿದ ದಿನದಿಂದ ನೆಲ ಕುಗ್ಗುತ್ತ ಕುಗ್ಗುತ್ತ
ನದಿ ತನ್ನ ಏರಿಗಳ ನಡುವೆ ಮೇಲೇ ಉಳಿದುಬಿಟ್ಟಿತು.
ದೋಣಿಗಳು ಛಾವಣಿಗಿಂತ ಎತ್ತರದಲ್ಲಿ ಹೋಗುತ್ತವೆ.
ಇವತ್ತೊಂದು ಹೋಯಿತು. ಅದರಲ್ಲೊಬ್ಬ
ನಿಂತು ಹಲ್ಲುಜ್ಜುತ್ತ
ಬಾವಿಯೊಳಗೆ ಇಣುಕುವಂತೆ ನನ್ನನ್ನು ನೋಡಿದ.

ಸೆಲರಿ ಹೊಲದಲ್ಲಿ ಹಳದಿ ಮಳೆಯಂಗಿಗಳು, ಬಗ್ಗಿದ ಬೆನ್ನುಗಳು,
ರೇಡಿಯೊದಲ್ಲಿ ಲಿಥುವೇನಿಯದ ಯಾವುದೋ ಹಾಡು.
ಗಿಂತಾರೆ ತಲೆಯೆತ್ತಿ ಚಾಕು ಬೀಸಿದಳು,
ನಾನು ಸಲಿಕೆ ಬೀಸಿದೆ.
ಪರಸ್ಥಳದವರು ನೋಡಿದ್ದರೆ ಪೊಲೀಸರಿಗೆ ಹೇಳುತ್ತಿದ್ದರು.

ಹೊಲದಂಚಿಗೆ ಒಂದು ಮರ ಎಳೆದುಹಾಕಿದ್ದರು.
ನೇಗಿಲಿಗೆ ಸಿಕ್ಕ ಓಕ್, ಜೌಗು ಹುಟ್ಟುವ ಮೊದಲು ನಿಂತಿದ್ದು,
ಈಗ ಕಲ್ಲಿದ್ದಲಿನ ಬಣ್ಣ.
ಈ ಬಯಲಲ್ಲಿ ಇದಕ್ಕಿಂತ ದೊಡ್ಡ ಮರ ಇಲ್ಲ,
ಅದೂ ಮಲಗಿದೆ.
ಅದರ ಮೇಲೆ ಕೂತು ಬೂಟಿನೊಳಗಿನ ಕಲ್ಲು ತೆಗೆದೆ.
ಕಲ್ಲಲ್ಲ, ಬಸವನಹುಳುವಿನ ಚಿಪ್ಪು.

ಜೇಬೆಜ್ ಸೆಚೆಲ್ ತನ್ನ ಬಾಗಿಲಲ್ಲೇ ಇದ್ದ.
ನಡುವೆ ಕಾಲುವೆ,
ಗೆರೆಪಟ್ಟಿ ಇಟ್ಟು ಎಳೆದ ನೀರು, ಅಗಲ ನಲವತ್ತಡಿ,
ಉದ್ದಕ್ಕೆ ಕಣ್ಣು ಸಾಲದು.
ಸೇತುವೆ ಎರಡೂವರೆ ಮೈಲಿ ಉತ್ತರಕ್ಕೆ.
ಎಸೆಯಲೇ? ಎಂದೆ.
ನಿನ್ನ ಕೈ ನನಗೆ ಗೊತ್ತು, ಬೇಡ, ಎಂದ.
ಹನ್ನೊಂದು ವರ್ಷದಲ್ಲಿ ಮೊದಲ ಮಾತು.

ಈ ದಡದಲ್ಲಿ ನಾನು ಉತ್ತರಕ್ಕೆ ತಿರುಗಿದೆ.
ಆ ದಡದಲ್ಲಿ ಅವನು, ಟೋಪಿ ಸರಿಮಾಡಿಕೊಂಡು.

ಮೊದಲ ಮೈಲಿ ಬಾತುಗಳ ಬಗ್ಗೆ.
ಆಮೇಲೆ ಹಾವುಮೀನು ಈಗ ಬರುವುದಿಲ್ಲ ಎಂಬ ಬಗ್ಗೆ.
ಆಮೇಲೆ, ಮುಖ ನೋಡಬೇಕಿರಲಿಲ್ಲವಲ್ಲ,
ಅವನು ನೀರಿಗೆ ಹೇಳಿದ:
ಆ ರಾತ್ರಿ ತೂಬು ಮುಚ್ಚಿದ್ದು ನಾನೇ, ಥರ್ಜಾ.
ಗೊತ್ತು, ಎಂದು ನಾನೂ ನೀರಿಗೇ ಹೇಳಿದೆ,
ನಮ್ಮ ಆಲೂಗಡ್ಡೆ ಮುಳುಗಿದ ಬೆಳಿಗ್ಗೆ
ಬದು ಕಡಿದು ಈ ದಡದ ನಿನ್ನ ಗೋಧಿಗೆ
ನೀರು ತಿರುಗಿಸಿದವಳು ನಾನು.
ಇದೇ ಸಲಿಕೆಯಿಂದ.

ಅವನು ನಿಂತ. ನಾನೂ ನಿಂತೆ.
ನೀರುಕೋಳಿಯೊಂದು ಯಾರ ಕಡೆಗೂ ಸೇರದೆ
ನಟ್ಟನಡುವೆ ಈಜಿತು.
ನಗುವೋ ಕೆಮ್ಮೋ, ಗಾಳಿಯಲ್ಲಿ ತಿಳಿಯಲಿಲ್ಲ.

ಮತ್ತೆ ನಡೆದೆವು. ಒಳಗೇ ಲೆಕ್ಕ ಹಾಕುತ್ತ ಹೋದೆ:
ವರ್ಷಕ್ಕೆ ಬೆರಳಗಲ ಕುಗ್ಗುವ ನೆಲ,
ಮಾರ್ಚ್ ತಿಂಗಳ ಗಾಳಿಗೆ ಎದ್ದು ಹೋಗುವ ಮಣ್ಣು.
ಯಾವ ಮಣ್ಣಿಗಾಗಿ ಮಾತು ಬಿಟ್ಟೆವೋ
ಅದೀಗ ಇಬ್ಬರ ಹೊಲದಲ್ಲೂ ಇಲ್ಲ.
ಗೇಣು ಕೆಳಗಿನ ಬೇರೊಂದು ನೆಲದ ಮೇಲೆ ನಿಂತು
ಹಳೆಯ ಸಿಟ್ಟನ್ನು ಅಷ್ಟೇ ಎತ್ತರದಲ್ಲಿ
ಹಿಡಿದುಕೊಂಡಿದ್ದೆವು. ತೋಳು ನೋಯದೆ ಇರುತ್ತದೆಯೆ.

ಸೇತುವೆಯ ಹೊತ್ತಿಗೆ ಹೇಳಲು ಏನೂ ಉಳಿದಿರಲಿಲ್ಲ.
ಕಾಂಕ್ರೀಟಿನ ಮಧ್ಯದಲ್ಲಿ ಎದುರುಬದುರು,
ಮುಖ ಇಷ್ಟು ಹತ್ತಿರವಾದದ್ದಕ್ಕೆ ಇಬ್ಬರಿಗೂ ಮುಜುಗರ.
ಸಲಿಕೆ ತೆಗೆದುಕೊಂಡು, ಹೆಬ್ಬೆರಳಿಂದ ಅಲಗು ಸವರಿ,
ತುಕ್ಕು ಹಿಡಿಸಿದ್ದೀಯ, ಎಂದ.
ಅಷ್ಟರಲ್ಲಿ ಮಳೆ, ಬೆಳಿಗ್ಗೆ ಕಂಡಿದ್ದೇ.

ಹಿಂದಿರುಗುವಾಗ ಹೆಗಲಿಗೆ ಭಾರವಿಲ್ಲದೆ
ನಡಿಗೆ ಒಂದು ಕಡೆಗೆ ವಾಲುತ್ತಿತ್ತು.
ಆ ದಡದಲ್ಲಿ ಅವನು ಸಲಿಕೆಯ ಅಲಗನ್ನು
ಕೊಡೆಯಂತೆ ತಲೆಯ ಮೇಲೆ ಹಿಡಿದು,
ಎರಡೂವರೆ ಮೈಲಿ, ನನ್ನ ಹೆಜ್ಜೆಗೆ ಹೆಜ್ಜೆ,
ಒಂದೂ ಮಾತಿಲ್ಲ.
ದೂರದಲ್ಲಿ ಪಂಪು ಶುರುವಾಯಿತು.
ನೀರು ಮೆಲ್ಲಗೆ
ನಮ್ಮ ಎದುರು ದಿಕ್ಕಿಗೆ ಹೊರಟಿತು.