ಮೂರು ಹೆಜ್ಜೆ ಹಿಂದೆ

ಶುಕ್ರವಾರ ಬೆಳಿಗ್ಗೆ ಐದೂವರೆಗೆ
ಸುಣ್ಣದ ಚೀಲ ಹೊತ್ತು ನಾನೇ ಹೋಗುತ್ತಿದ್ದೆ,
ಶಾರ್ಜಾದ ಹತ್ತನೇ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಟಯರ್ ಗೋದಾಮಿಗೂ ಲೇಬರ್ ಕ್ಯಾಂಪಿಗೂ ನಡುವೆ
ಯಾರೂ ಕೇಳದೆ ಬಿಟ್ಟಿದ್ದ ಮರಳಿನ ಜಾಗಕ್ಕೆ.
ಹಗ್ಗ ಹಿಡಿದು, ಬಗ್ಗಿ, ಗೆರೆ ಬಿಡುತ್ತಿದ್ದೆ.
ಹಾಫ್ ಟೈಮಿಗೆ ಅರ್ಧ ಗೆರೆ ಹುಡುಗರ ಮೊಣಕಾಲಲ್ಲಿ,
ಉಳಿದರ್ಧ ಗಾಳಿಯಲ್ಲಿ.

ವಾರವೆಲ್ಲ ಎಸಿ ಡಕ್ಟ್ ಕಂಪೆನಿಯ ಸ್ಟೋರ್‌ಕೀಪರ್,
ಶುಕ್ರವಾರ ಮಾತ್ರ ಲೈನ್ಸ್‌ಮನ್.
ಬಾವುಟ ಎಂದರೆ ಪೊರಕೆಯ ಕೋಲಿಗೆ ಕಟ್ಟಿದ
ಹೆಂಡತಿಯ ಹಳೇ ಹಳದಿ ಚೂಡಿದಾರದ ತುಂಡು.

ಮುಝಮ್ಮಿಲ್‌ಗೆ ಆಗ ಹದಿನೇಳು.
ಮೀನಿನ ವ್ಯಾನ್ ಓಡಿಸುವ ಉಳ್ಳಾಲದ ಹಮ್ಮಬ್ಬಾಕನ ಎರಡನೆಯವ.
ಹುಟ್ಟಿದ್ದು ಇಲ್ಲೇ,
ಊರಿನ ಕಡಲನ್ನು ರಜೆಯಲ್ಲಿ ಮಾತ್ರ ನೋಡಿದವ.
ಚೆಂಡು ಅವನ ಹತ್ತಿರ ಬಂದರೆ
ಬೆಕ್ಕಿನ ಮರಿ ಮನೆಯವರ ಕಾಲು ಸುತ್ತಿದ ಹಾಗೆ.
ಕ್ಯಾಂಪಿನ ಮೂರನೇ ಮಹಡಿಯಿಂದ ಪಠಾಣರು
ತಿನ್ನುತ್ತಿದ್ದ ರೊಟ್ಟಿ ಕೈಯಲ್ಲೇ ಹಿಡಿದು
ಬಚ್ಚಾ, ಬಚ್ಚಾ ಎಂದು ಕೂಗುತ್ತಿದ್ದರು.

ಇವನೊಬ್ಬನೇ ಅಲ್ಲ.
ತ್ರಿಶೂಲ್ ಕರ್ಕೇರ ಇದ್ದ, ಎಡಗಾಲಿನವ.
ಹದಿನೆಂಟು ತುಂಬಿತು, ಅಪ್ಪನ ವೀಸಾದಿಂದ ಹೆಸರು ಬಿತ್ತು.
ಈಗ ಕಾಪುವಿನಲ್ಲಿ ಮೊಬೈಲ್ ಕವರಿನ ಅಂಗಡಿ.
ಫ್ಲೇವಿಯನ್ ಲೋಬೊ ತಲೆ ಕೊಟ್ಟರೆ ಗೋಲು;
ಅವನ ಅಮ್ಮ ಹನ್ನೆರಡನೇ ಕ್ಲಾಸಿನ ಅಂಕಪಟ್ಟಿ ನೋಡಿ
ಬೂಟುಗಳನ್ನು ಬಾಲ್ಕನಿಯಿಂದ ಎಸೆದರು.
ಒಂದು ಸಿಕ್ಕಿತು.
ಉಬೈದ್ ಇದೇ ನೆಲದ ಹುಡುಗ, ನಮ್ಮ ಗೋಲಿ,
ಅವನಿಗೆ ಯಾರ ವೀಸಾದ ಹಂಗೂ ಇರಲಿಲ್ಲ.
ಒಂದು ಸಂಜೆ ಬಂದು ಗ್ಲೌಸ್ ಕೊಟ್ಟು ಹೋದ.
ಯಾಕೋ ಎಂದರೆ ಭುಜ ಕುಣಿಸಿದ.
ಅದಕ್ಕೆ ಉತ್ತರ ಇವತ್ತಿಗೂ ನನ್ನಲ್ಲಿಲ್ಲ.

ಫೈನಲ್ಲಿನ ದಿನ
ಕ್ಲಬ್ಬಿನಿಂದ ಒಬ್ಬರು ಬಂದಿದ್ದರು,
ಬಿಳಿ ಕಂದೂರ, ಕಾಗದದ ಕಪ್ಪಿನಲ್ಲಿ ಕರಕ್ ಚಾ.
ಕಾರಿನ ಎಂಜಿನ್ ಆರಿಸದೆ ನಿಂತು ನೋಡುತ್ತಿದ್ದರು.
ಐವತ್ತೆಂಟನೇ ನಿಮಿಷ. ಸೊನ್ನೆ, ಸೊನ್ನೆ.
ಮಧ್ಯದಿಂದ ಚೆಂಡು ಎದ್ದಿತು,
ಮುಜ್ಜು ತಿರುಗಿದ, ಇಬ್ಬರು ಬಿದ್ದರು,
ಗೋಲಿಯ ಅನುಮತಿ ಕೇಳಿಯೇ ಒಳಗೆ ಕಳಿಸಿದ ಹಾಗಿತ್ತು.
ಬಲೆ ಇರಲಿಲ್ಲ ನಮ್ಮಲ್ಲಿ.
ಚೆಂಡು ಗೋದಾಮಿನ ತಗಡಿಗೆ ಬಡಿದು
ಇಡೀ ಏರಿಯಾಕ್ಕೆ ಕೇಳಿತು.

ನನ್ನ ಕೈ ಮೇಲಿತ್ತು.
ಹಳದಿ ಬಟ್ಟೆ ಪಟಪಟ.

ಬಿಸಿಲು ನೇರ ಕಣ್ಣಿಗಿತ್ತು ಎನ್ನಬಹುದು.
ಆದರೆ ಆಫ್‌ಸೈಡಿನ ಗೆರೆಯನ್ನು ಸುಣ್ಣದಲ್ಲಿ ಎಳೆಯುವುದಿಲ್ಲ,
ಅದು ಡಿಫೆಂಡರನ ಜೊತೆ ನಡೆಯುತ್ತಾ ಇರುತ್ತದೆ,
ನಾನೂ ಜೊತೆಗೆ ನಡೆಯಬೇಕಿತ್ತು.
ಮೂರು ಹೆಜ್ಜೆ ಹಿಂದಿದ್ದೆ.
ತಲೆಯಲ್ಲಿ ಮರುದಿನದ ಸ್ಟಾಕ್:
ಇನ್ನೂರ ಹತ್ತು ಫ್ಲೇಂಜ್, ಅದರಲ್ಲಿ ಆರು ಕಾಣೆ.

ಕಾರು ರಿವರ್ಸ್ ತೆಗೆದು ಹೋಯಿತು.
ಕಪ್ಪು ಮರಳಲ್ಲಿ ನೆಟ್ಟಗೆ ನಿಂತಿತ್ತು.

ಹದಿನಾಲ್ಕು ವರ್ಷ.
ಮೊನ್ನೆ ಮುವೈಲಾದಲ್ಲಿ ವ್ಹೀಲ್ ಅಲೈನ್‌ಮೆಂಟಿಗೆ ಕಾರು ಕೊಟ್ಟೆ.
ಕೆಳಗಿನಿಂದ ಒಂದು ದನಿ:
"ಅಂಕಲ್, ಎಡಕ್ಕೆ ಎಳೀತದಾ?"
ಹೊಟ್ಟೆ ಬಂದಿದೆ, ಗಡ್ಡದಲ್ಲಿ ಎರಡು ಬಿಳಿ.
ಕಾಲು ಮಾತ್ರ ಅದೇ.
ಕೆಳಗೆ ಬಿದ್ದ ನಟ್ಟನ್ನು ಬಗ್ಗದೆ
ಪಾದದ ತುದಿಯಲ್ಲಿ ಚಿಮ್ಮಿಸಿ ಅಂಗೈಗೆ ಹಾಕಿಕೊಂಡ.

ಕೇಳಬಾರದಿತ್ತು. ಕೇಳಿದೆ.
"ಆ ಫೈನಲ್ಲು... ನಾನು ಕೊಟ್ಟದ್ದು ತಪ್ಪಲ್ವಾ ಮುಜ್ಜು?"
"ಯಾವ ಫೈನಲ್ಲು?" ಎಂದ,
ಸ್ಕ್ರೀನಿನ ಕೆಂಪು ಗೆರೆಯಿಂದ ಕಣ್ಣು ತೆಗೆಯದೆ.
ಸ್ಪ್ಯಾನರ್ ಎರಡು ಸುತ್ತು ತಿರುಗಿತು.
ಆಮೇಲೆ ಚಕ್ರದ ಹಿಂದಿನಿಂದ:
"ಇಲ್ಲ ಅಂಕಲ್. ನಾನು ಮುಂದೇ ಇದ್ದೆ."

ಬಿಲ್ಲು ಎಂಬತ್ತು ದಿರ್ಹಮ್. ಅರವತ್ತು ಮಾಡಿದ.
ಖಾಲಿ ರಸ್ತೆ ಸಿಕ್ಕಲ್ಲಿ
ಒಂದು ಗಳಿಗೆ ಸ್ಟಿಯರಿಂಗ್ ಬಿಟ್ಟು ನೋಡಿದೆ:
ಕಾರು ನೇರ ಹೋಗುತ್ತಿತ್ತು,
ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲದೆ.