ತಿರುಗುಮುರುಗು ಲೆನ್ಸು

ಶಿಡ್ಲಘಟ್ಟದ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷ
ಮದುಮಕ್ಕಳಿಗೆ ‘ಗದ್ದ ಮೇಲೆ, ಸ್ವಲ್ಪ ನಗಿ’ ಅಂದವನು
ಇವತ್ತು ಹಳೇ ಲೆನ್ಸನ್ನು ಹಿಂದುಮುಂದಾಗಿ ಹಿಡಿದು
ದ್ಯಾವಪ್ಪನ ಹಿಪ್ಪುನೇರಳೆ ಸಾಲಲ್ಲಿ
ಮಂಡಿಯೂರಿದ್ದೇನೆ.

ಮೊದಲ ಇಪ್ಪತ್ತೂ ಬರೀ ಹಸಿರು ಮಬ್ಬು.
ಗಾಳಿಯಲ್ಲ, ನಡುಗಿದ್ದು ನಾನು.
‘ಏನ್ ಕಳಕೊಂಡ್ಯಣ್ಣಾ?’ ಸೊಪ್ಪು ಕೊಯ್ಯುವ ಪಿಳ್ಳಮ್ಮ.
ಉತ್ತರಿಸಿದರೆ ಎಲೆ ಅಲ್ಲಾಡುತ್ತದೆ. ಸುಮ್ಮನಿದ್ದೆ.

ರಿಂಗು ತಿರುಗಿಸುವುದಲ್ಲ, ಮೈಯನ್ನೇ
ಎಳ್ಳಷ್ಟು ಮುಂದೆ, ಎಳ್ಳಿನರ್ಧ ಹಿಂದೆ...
ಎಲೆಯಂಚಿನಲ್ಲಿ ಜಿಗಿಯುವ ಜೇಡವೊಂದು
ಎಂಟರಲ್ಲಿ ದೊಡ್ಡವೆರಡು ಕಣ್ಣು
ನನ್ನತ್ತ ತಿರುಗಿಸಿತು.
ಆ ಕರಿ ಹೊಳಪಿನಲ್ಲೊಂದು ಬಿಳಿ ಚುಕ್ಕೆ:
ಮೋಡವೋ, ನನ್ನ ಅಂಗಿಯೋ.

ಬಾಯಿತಪ್ಪಿ ‘ಸ್ವಲ್ಪ ನಗಿ’ ಅಂದೆ.
ಹಾರಿತು.

ಪಟದಲ್ಲಿ ಸಿಕ್ಕಿದ್ದು ಹಿಂಗಾಲೊಂದೇ,
ರೋಮ ರೋಮ ಬಿಡಿಬಿಡಿ.
ಪಿಳ್ಳಮ್ಮ ಕುಡುಗೋಲು ಕೆಳಗಿಟ್ಟು
ಎಣಿಸತೊಡಗಿದಳು.