ನಾನು ಸಾಕು

ಡಿಪೋದ ಶಿಬಿರದಲ್ಲಿ ಡಾಕ್ಟರ್ ಜೆಸಿಂತಾ
ಒಂದು ಚೀಟಿ ಕೊಟ್ಟರು, ಮಾತ್ರೆ ಬರೆದ ಹಾಗೆಯೇ:
ಬೆಳಿಗ್ಗೆ ಹತ್ತು ಸಲ, ರಾತ್ರಿ ಹತ್ತು ಸಲ,
ಕನ್ನಡಿಯೆದುರು, ಗಟ್ಟಿಯಾಗಿ:
‘ನಾನು ಸಾಕು.’

ಇಂಗ್ಲಿಷಿನಲ್ಲಿ ಅದು ಚೆನ್ನಾಗಿತ್ತೇನೋ.
ನಮ್ಮ ಬಾಯಿಗೆ ಬಂದರೆ
ಊಟದೆಲೆಗೆ ಕೈ ಅಡ್ಡ ಹಿಡಿದಂತೆ,
ಸಾಕು, ಸಾಕು, ಬಡಿಸಬೇಡಿ.
ಇನ್ನೊಮ್ಮೆ ಅಂದರೆ
ನನಗೇ ನಾನು ಸಾಕಾಗಿಹೋದಂತೆ.

ಆದರೂ ನಾಲ್ಕೂಕಾಲಕ್ಕೆ ಎದ್ದು, ದಾಸರಹಳ್ಳಿಯ ಬಚ್ಚಲಲ್ಲಿ
ಮೂಲೆ ಒಡೆದ ಕನ್ನಡಿಗೆ ಹೇಳಿದೆ.
ಗೋಡೆಯಾಚೆ ಮಗಳು ಮಗ್ಗುಲಾದಳು:
‘ಯಾರ ಜತೆ ಜಗಳ ಅಮ್ಮಾ?’

ಜಗಳವೇ.
ಶಿವರಾತ್ರಿ ಕಳೆದ ವಾರ, ಹೆಬ್ಬಾಳದ ಹತ್ತಿರ,
ತುಂಬಿದ ಬಸ್ಸು, ಕೊಡಬೇಕಾದ ಚಿಲ್ಲರೆ ಮೂರು ರೂಪಾಯಿ.
ಇಸ್ತ್ರಿ ಅಂಗಿಯವನೊಬ್ಬ ಅಂದ:
‘ಲಾಯಕ್ಕಿಲ್ಲದವರನ್ನೆಲ್ಲ ತಂದು ನಿಲ್ಲಿಸ್ತಾರೆ.’
ಐವತ್ತು ತಲೆ ತಿರುಗಿದವು. ಯಾರೂ ಏನೂ ಅನ್ನಲಿಲ್ಲ.
ನಾನೂ.
ಅವನು ಕೊಡಿಗೇಹಳ್ಳಿ ಗೇಟಿನಲ್ಲಿ ಇಳಿದುಹೋದ.
ಮಾತು ಇಳಿಯಲಿಲ್ಲ.
ಟಿಕೆಟ್ಟಿಲ್ಲದೆ ಆವತ್ತಿನಿಂದ ನನ್ನೊಳಗೇ ಓಡಾಡುತ್ತಿದೆ
ಕಿಟಕಿ ಪಕ್ಕದ ಸೀಟು ಹಿಡಿದು.

ನಮ್ಮಜ್ಜಿ ಇದ್ದಿದ್ದರೆ ಅಂದೇ ಹೇಳುತ್ತಿದ್ದಳು:
‘ಬಿಡ್ತು ಅನ್ನು.’
ಮುಸ್ಸಂಜೆಯಲ್ಲಿ ಕೆಟ್ಟದ್ದಾಡಿದರೆ
ಮೇಲೆ ಹಾದುಹೋಗುವ ಅಸ್ತು ದೇವತೆಗಳು
ತಥಾಸ್ತು ಅಂದುಬಿಡುತ್ತವಂತೆ.
ಅವಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯದು ಪಾಪ,
ಕೇಳಿದ್ದಕ್ಕೆಲ್ಲ ಹೂಂಗುಟ್ಟುವುದೊಂದೇ ಕೆಲಸ.
ಹಾಗಿದ್ದರೆ ಈ ಎಂಟು ತಿಂಗಳು
ಅವುಗಳ ಕಿವಿಗೆ ನಾನು ಏನೇನು ಹಾಕಿದೆ?
ಪ್ರತಿ ಸ್ಟೇಜಿಗೊಮ್ಮೆ: ನನ್ನ ಕೈಲಾಗಲ್ಲ, ನನ್ನ ಕೈಲಾಗಲ್ಲ.
ಅವನು ಅಂದಿದ್ದು ಒಂದು ಸಲ.
ಜಪ ಮಾಡಿದವಳು ನಾನು.

ಬಿಡ್ತು.

ಮೊದಲ ಟ್ರಿಪ್ಪು. ಮೆಜೆಸ್ಟಿಕ್ಕಿನಲ್ಲಿ ಇನ್ನೂ ಕತ್ತಲೆ,
ಹೂವಿನ ಮಂಕರಿಗಳು, ಪಾಳಿ ಮುಗಿಸಿದ ಆಯಾಗಳು.
‘ಒಳಗೆ ಬನ್ನಿ, ಜಾಗ ಇದೆ, ಮುಂದೆ ಜಾಗ ಇದೆ’
ಹದಿನಾಲ್ಕು ವರ್ಷದಿಂದ ಕೂಗುತ್ತಿದ್ದೇನೆ.
ಎಷ್ಟೋ ಸಲ ಇರಲಿಲ್ಲ ಜಾಗ.
ಅಂದ ಮೇಲೆ ಆಯಿತು:
ಒಬ್ಬರು ಮೊಣಕೈ ಮಡಚಿದರು,
ಒಬ್ಬರು ಚೀಲ ತೊಡೆಗೇರಿಸಿಕೊಂಡರು.
ಅದನ್ನು ಸುಳ್ಳು ಅನ್ನಲೇ?
ತುಸು ಮುಂಚೆ ಆಡಿದ ನಿಜ.

ಹೆಂಗಸರ ಟಿಕೆಟಿನ ಮೇಲೆ ಸೊನ್ನೆ ಅಂತ ಅಚ್ಚಾಗುತ್ತದೆ.
ಸೊನ್ನೆ ಹಿಡಿದವರೂ ಯಲಹಂಕ ತಲುಪುತ್ತಾರೆ.

ಮೇಖ್ರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
ಮುದುಕಿಯೊಬ್ಬಳ ತರಕಾರಿ ಚೀಲದಿಂದ
ಬೆಕ್ಕಿನಮರಿ ತಲೆ ಹೊರಹಾಕಿತು. ಒಂದು ಕಣ್ಣು ಅಂಟಿಕೊಂಡಿತ್ತು.
‘ಯಾರದ್ದಮ್ಮಾ?’ ಅಂದೆ.
‘ಯಾರದ್ದೂ ಅಲ್ಲ ಕಣವ್ವ, ಮೋರಿ ಪಕ್ಕ ಸಿಕ್ತು.
ಸಾಕ್ತಿದೀನಿ.’

ಸಾಕು.
ಈ ಪದಕ್ಕೆ ಇನ್ನೊಂದು ಬಾಗಿಲಿತ್ತು.
ಇಷ್ಟು ದಿನ ನಾನು ಹಿಂದಿನ ಬಾಗಿಲಲ್ಲೇ ಜೋತುಬಿದ್ದಿದ್ದೆ.

ಹತ್ತಿಯ ಬತ್ತಿ ಹಾಲಿಗದ್ದಿ ಬಾಯಿಗಿಡುವುದು,
ರಾತ್ರಿ ಎರಡು ಸಲ ಎದ್ದು ಮುಟ್ಟಿ ನೋಡುವುದು,
ಕಣ್ಣು ಇವತ್ತು ಬಿಡದಿದ್ದರೆ ನಾಳೆ ಬಿಟ್ಟೀತು ಅನ್ನುವುದು.
ನಾಳೆಯೊಳಗೆ ಹುಲಿಯಾಗು ಅಂತ
ಮರಿಗೆ ಯಾರೂ ಹೇಳುವುದಿಲ್ಲ.

ರಾತ್ರಿ ಕನ್ನಡಿಯೆದುರು ನಿಂತು ತಿದ್ದಿಕೊಂಡೆ,
ಡಾಕ್ಟರು ಬೇಜಾರು ಮಾಡಿಕೊಳ್ಳಲಾರರು:
ನನ್ನನ್ನು ನಾನು ಸಾಕುತ್ತಿದ್ದೇನೆ.
ಹತ್ತು ಸಲ ಆಗಲಿಲ್ಲ, ಆರಕ್ಕೆ ನಿದ್ದೆ ಬಂತು.

ಅವನ ಮಾತು ಇನ್ನೂ ಕೂತಿದೆ, ಅದೇ ಕಿಟಕಿ ಪಕ್ಕ.
ಇವತ್ತು ಹತ್ತಿರ ಹೋಗಿ ಕೇಳಿದೆ,
‘ಎಲ್ಲಿ ಇಳೀತೀರಿ?’
ಉತ್ತರವಿಲ್ಲ. ಇರಲಿ,
ಕೇಳಿದೆನಲ್ಲ.

ಬಾಗಿಲು ತಟ್ಟಿ ‘ರೈಟ್’ ಅಂದೆ.
ಡ್ರೈವರ್ ಮಲಿಯಪ್ಪ ತನ್ನ ಕನ್ನಡಿಯಲ್ಲಿ ನನ್ನನ್ನು ಹುಡುಕಿ,
‘ಏನ್ ಸರ್ವಮಂಗಳಮ್ಮ, ಇವತ್ತು ರೈಟು ಜೋರಾಗಿದೆ’ ಎಂದು
ಗೇರು ಹಾಕಿದ.